ಒಂದೇ ಯಂತ್ರ, ಎರಡು ಆಸ್ಪತ್ರೆ

1980ರ ದಶಕದ ಆರಂಭದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಎರಡು ಆಸ್ಪತ್ರೆಗಳಿಗೆ ಸಿಟಿ ಸ್ಕ್ಯಾನರ್ ಬಂತು. ಎರಡಕ್ಕೂ ಬಂದದ್ದು ಒಂದೇ ಮಾದರಿಯ ಯಂತ್ರ. ಕೆಲಸವೂ ಒಂದೇ. ರೋಗಿಯನ್ನು ಮಲಗಿಸಬೇಕು, ದೇಹದ ಒಳಗಿನ ಚಿತ್ರ ತೆಗೆಯಬೇಕು, ಅದನ್ನು ಓದಿ ವರದಿ ಬರೆಯಬೇಕು. ಅದೇ ರಾಜ್ಯದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಸ್ಟೀಫನ್ ಬಾರ್ಲಿ ಆ ಎರಡೂ ಆಸ್ಪತ್ರೆಗಳ ಎಕ್ಸ್‌ರೇ ವಿಭಾಗಗಳಲ್ಲಿ ತಿಂಗಳುಗಟ್ಟಲೆ ಕೂತರು. ಯಾರು ಯಾರಿಗೆ ಏನು ಹೇಳಿದರು, ಯಾರು ಯಾರನ್ನು ಕೇಳಿದರು, ಗುಂಡಿ ಒತ್ತಿದ್ದು ಯಾರು ಎಂದು ಬರೆದುಕೊಳ್ಳುತ್ತಾ ಹೋದರು.

ಮೊದಲನೆಯ ಆಸ್ಪತ್ರೆಯಲ್ಲಿ ಸ್ಕ್ಯಾನರ್ ಬಳಸಿ ಅನುಭವವಿದ್ದದ್ದು ಟೆಕ್ನಿಷಿಯನ್‌ಗಳಿಗೆ. ಚಿತ್ರ ಓದುವ ಡಾಕ್ಟರುಗಳು, ಅಂದರೆ ಹಿರಿಯ ರೇಡಿಯಾಲಜಿಸ್ಟ್‌ಗಳಲ್ಲಿ ಹೆಚ್ಚಿನವರು ಎಕ್ಸ್‌ರೇ ನೋಡಿ ಪಳಗಿದವರು, ಇದು ಅವರಿಗೆ ಹೊಸದು. ಡಾಕ್ಟರು ಪರದೆಯ ಮುಂದೆ ನಿಂತು ತಡವರಿಸಿದಾಗ ಟೆಕ್ನಿಷಿಯನ್ ಸೂಕ್ಷ್ಮವಾಗಿ ಸುಳಿವು ಕೊಡುತ್ತಿದ್ದಳು. ಕಲಿಸುತ್ತಿದ್ದಾಳೆ ಎಂದು ಕಾಣದ ಹಾಗೆ ಕಲಿಸುವುದು. ಆದರೂ ಮುಜುಗರ ತಪ್ಪಲಿಲ್ಲ. ವರ್ಷಾನುಗಟ್ಟಲೆ ಓದಿದ ಡಾಕ್ಟರು ತನ್ನ ಕೈಕೆಳಗಿನವಳನ್ನು ಕೇಳಿ ತಿಳಿದುಕೊಳ್ಳುವುದು ಅಲ್ಲಿಯೂ ಸುಲಭವಲ್ಲ, ಇಲ್ಲಿಯೂ ಸುಲಭವಲ್ಲ. ಬರಬರುತ್ತಾ ಡಾಕ್ಟರುಗಳು ಸ್ಕ್ಯಾನಿಂಗ್ ಕೋಣೆಗೆ ಬರುವುದನ್ನೇ ಕಡಿಮೆ ಮಾಡಿ ತಮ್ಮ ಕೋಣೆಯಲ್ಲಿ ಕೂತು ಚಿತ್ರ ಓದತೊಡಗಿದರು. ಯಂತ್ರದ ದಿನದಿನದ ತೀರ್ಮಾನಗಳು ಟೆಕ್ನಿಷಿಯನ್‌ಗಳ ಕೈಗೆ ಬಂದವು.

ಎರಡನೆಯ ಆಸ್ಪತ್ರೆಯಲ್ಲಿ ಇದು ತಿರುಗುಮುರುಗು. ಸ್ಕ್ಯಾನರ್ ಗೊತ್ತಿದ್ದದ್ದು ಡಾಕ್ಟರುಗಳಿಗೆ, ಟೆಕ್ನಿಷಿಯನ್‌ಗಳು ಹೊಸಬರು. ಡಾಕ್ಟರು ಪಕ್ಕದಲ್ಲೇ ನಿಂತು ಹೀಗೆ ಮಾಡು, ಹಾಗೆ ಮಾಡು ಎನ್ನುವರು. ಸ್ವಲ್ಪ ಹೊತ್ತಿಗೆ ಬೇಡ, ಇನ್ನೊಂದು ಥರ ಮಾಡು ಎನ್ನುವರು. ತಾಳ್ಮೆ ಕೆಟ್ಟರೆ ತಾವೇ ಕೂತು ಗುಂಡಿ ಒತ್ತುವರು. ಟೆಕ್ನಿಷಿಯನ್‌ಗಳು ಕಲಿತದ್ದು ಒಂದೇ: ಕೇಳದೆ ಏನನ್ನೂ ಮಾಡಬಾರದು. ತಮಗೇ ಗೊತ್ತಿರುವ ಸಣ್ಣ ವಿಷಯಕ್ಕೂ ಎದ್ದುಹೋಗಿ ಕೇಳಿಕೊಂಡು ಬರುತ್ತಿದ್ದರು.

ಯಂತ್ರ ಒಂದೇ, ಸಂಬಂಧ ಎರಡು ಬಗೆ. 1986ರಲ್ಲಿ ಬಾರ್ಲಿ ಪ್ರಕಟಿಸಿದ ಈ ಅಧ್ಯಯನವನ್ನು ಕೆಲಸದ ಬದಲಾವಣೆ ಕುರಿತು ಸಂಶೋಧನೆ ಮಾಡುವವರು ಇವತ್ತಿಗೂ ಓದುತ್ತಾರೆ. ತಂತ್ರಜ್ಞಾನ ಬಂದರೆ ಕೆಲಸ ಹೋಗುತ್ತದೆ ಅಥವಾ ಕೆಲಸ ಹಗುರವಾಗುತ್ತದೆ ಎಂದು ನಾವು ಮಾತಾಡುವ ರೀತಿಯಲ್ಲೇ ಒಂದು ಕೊರತೆ ಇದೆ ಎಂದು ನನಗೆ ಮನದಟ್ಟಾದದ್ದು ಇದನ್ನು ಓದಿದ ಮೇಲೆ. ಯಂತ್ರ ಒಂದು ಸಂದರ್ಭವನ್ನು ತಂದಿಡುತ್ತದೆ. ಅದು ಬಂದ ಮೊದಲ ಕೆಲವು ವಾರಗಳಲ್ಲಿ ಯಾರಿಗೆ ಏನು ಗೊತ್ತಿತ್ತು, ಯಾರು ಯಾರ ಮುಂದೆ ಸಣ್ಣವರಾದರು ಎಂಬುದು ಹಸಿ ಗೋಡೆಗೆ ಎಸೆದ ಹರಳಿನಂತೆ ಅಂಟಿಕೊಂಡು, ಆಮೇಲೆ ಅದೇ ಪದ್ಧತಿ ಎನಿಸಿಕೊಳ್ಳುತ್ತದೆ.

ಬಾರ್ಲಿ ಮುಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿಯ ಇಂಜಿನಿಯರಿಂಗ್ ಶಾಲೆಯಲ್ಲಿ ಮ್ಯಾನೇಜ್‌ಮೆಂಟ್ ಸೈನ್ಸ್ ಮತ್ತು ಇಂಜಿನಿಯರಿಂಗ್ ಎಂಬ ವಿಭಾಗವಿದೆ. ಕೆಲಸ ಹೇಗೆ ಬದಲಾಗುತ್ತಿದೆ ಎಂದು ಕೂತು ನೋಡುವವರು, ಸಂಸ್ಥೆಗಳನ್ನು ನಡೆಸುವ ತಂತ್ರಜ್ಞಾನ ರೂಪಿಸುವವರು, ವಿದ್ಯಾರ್ಥಿಗಳಿಗೆ ಕಂಪನಿ ಕಟ್ಟುವುದನ್ನು ಕಲಿಸುವವರು ಮೂವರೂ ಅಲ್ಲಿ ಒಂದೇ ಸೂರಿನಡಿ ಇದ್ದಾರೆ. ಹೊರಗಿನಿಂದ ನೋಡಿದರೆ ಇವು ಮೂರು ಬೇರೆ ಬೇರೆ ವಿಷಯ. ನನ್ನ ಲೆಕ್ಕದಲ್ಲಿ ಇದು ಒಂದೇ ವಿಷಯ. ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಯಂತ್ರ ಕಂಪನಿಯ ಮೂಲಕ ಹೊರಗೆ ಹೋಗಿ ಯಾರದೋ ಕೆಲಸದ ನಡುವೆ ನಿಲ್ಲುತ್ತದೆ. ಆ ದಾರಿಯ ಒಂದೊಂದು ತಿರುವಿನಲ್ಲೂ ಬಾರ್ಲಿ ಆಸ್ಪತ್ರೆಯಲ್ಲಿ ಕಂಡ ಪ್ರಶ್ನೆಯೇ ಎದುರಾಗುತ್ತದೆ.

ಆಡಳಿತದ ತಂತ್ರಜ್ಞಾನ ಎಂದರೆ ಕಂಪ್ಯೂಟರೇ ಆಗಬೇಕಿಲ್ಲ. ಹಾಜರಿ ಪುಸ್ತಕ, ಮಸ್ಟರ್ ರೋಲ್, ಕಾರ್ಖಾನೆಯ ಸೈರನ್, ಇವೆಲ್ಲವೂ ಜನರ ದುಡಿಮೆಯನ್ನು ದೂರದಿಂದ ನೋಡಿ ಅಳೆಯಲು ಮಾಡಿಕೊಂಡ ಸಾಧನಗಳು. ಕರ್ನಾಟಕದಲ್ಲಿ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಪಹಣಿ.

ಊರಲ್ಲಿ ಬೆಳೆಸಾಲಕ್ಕೆಂದು ಪಹಣಿ ಬೇಕಾದಾಗ ನಮ್ಮಪ್ಪ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಹೋಗುತ್ತಿದ್ದದ್ದು ನನಗೆ ನೆನಪಿದೆ. ಹುಡುಕುವುದೇ ಒಂದು ಕೆಲಸ. ಅವರಿಗೆ ನಾಲ್ಕು ಊರು, ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಸಿಕ್ಕಾಗ ಬಗಲಿನ ಚೀಲದಿಂದ ಅಂಚು ಸವೆದ ದಪ್ಪ ಪುಸ್ತಕ ತೆಗೆದು, ಸರ್ವೆ ನಂಬರ್ ಕೇಳಿ, ನೀಲಿ ಶಾಯಿಯಲ್ಲಿ ನಕಲು ಬರೆದುಕೊಡುವರು. ಯಾರ ಹೊಲ ಯಾರ ಹೆಸರಿನಲ್ಲಿದೆ ಎಂಬುದು ಆ ಪುಸ್ತಕದಲ್ಲಿ ಮಾತ್ರ ಇತ್ತು. ಪುಸ್ತಕ ಅವರ ಬಗಲಿನಲ್ಲಿತ್ತು.

ರಾಜ್ಯ ಸರ್ಕಾರದ ಭೂಮಿ ಯೋಜನೆ ಆ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಿತು. 2002ರ ಹೊತ್ತಿಗೆ 177 ತಾಲೂಕುಗಳಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕೀಕರಣಗೊಂಡಿದ್ದವು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್ ಕೈಗೆ ಬರುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು, ಬೇಕಾದವರದ್ದನ್ನು ಮೊದಲು ಮಾಡಿ ಬೇಡದವರದ್ದನ್ನು ಕೆಳಗಿಡುವಂತಿಲ್ಲ ಎಂಬ ನಿಯಮವನ್ನು ಸಾಫ್ಟ್‌ವೇರ್ ಒಳಗೇ ಹೆಣೆದಿದ್ದರು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು, ಯಾರು ಏನು ತಿದ್ದಿದರು ಎಂಬುದು ದಾಖಲಾಗುತ್ತದೆ. ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರ ಬಗಲಿನಲ್ಲಿದ್ದ ಅಧಿಕಾರ ಒಂದೆರಡು ವರ್ಷದಲ್ಲಿ ಜಾಗ ಬದಲಿಸಿತು. ಇದರಿಂದ ನಮ್ಮಪ್ಪನಂಥವರಿಗೆ ಆದ ಅನುಕೂಲವನ್ನು ಯಾರೂ ಅಲ್ಲಗಳೆಯಲಾರರು, ನಾನಂತೂ ಅಲ್ಲಗಳೆಯುವುದಿಲ್ಲ.

ಆದರೆ ಅಧಿಕಾರ ಮಾಯವಾಗಲಿಲ್ಲ, ಜಾಗ ಬದಲಿಸಿತು ಅಷ್ಟೆ. 2007ರಲ್ಲಿ ಸಾಲಮನ್ ಬೆಂಜಮಿನ್ ಮತ್ತು ಜೊತೆಗಾರರು ಬೆಂಗಳೂರಿನ ಅಂಚಿನ ಜಮೀನು ವ್ಯವಹಾರಗಳನ್ನು ಅಧ್ಯಯನ ಮಾಡಿ ಹೇಳಿದ್ದು ಇದನ್ನೇ. ದಾಖಲೆ ಹಳ್ಳಿ ಬಿಟ್ಟು ಮೇಲಿನ ಕಚೇರಿಗೆ ಹೋದಾಗ, ಮೇಲಿನ ಕಚೇರಿಯಲ್ಲಿ ಪರಿಚಯವಿರುವ ದೊಡ್ಡ ಕೊಳ್ಳುಗರಿಗೆ ದಾರಿ ಸಲೀಸಾಯಿತು ಎಂಬುದು ಅವರ ವಾದ. ಯೋಜನೆಯ ಹೊಗಳಿಕೆಯೂ ಈ ಟೀಕೆಯೂ ಎರಡೂ ನಿಜವಿರಬಹುದು. ಪಹಣಿ ಬೇಕಾದ ರೈತನಿಗೆ ಒಂದು ಫಲ, ಜಮೀನಿನ ಮೇಲೆ ಕಣ್ಣಿಟ್ಟ ಪೇಟೆಯ ಅಂಚಿನಲ್ಲಿ ಇನ್ನೊಂದು ಫಲ. ಎರಡು ಆಸ್ಪತ್ರೆಗಳ ಕತೆಯೇ ಇದೂ.

ಈಗ ಪುಸ್ತಕದ ಜಾಗಕ್ಕೆ ಫೋನಿನ ಆ್ಯಪ್ ಬಂದಿದೆ. ಊಟ ತಲುಪಿಸುವ ಹುಡುಗನಿಗೆ ಮೇಸ್ತ್ರಿ ಇಲ್ಲ, ಸೂಪರ್‌ವೈಸರ್ ಇಲ್ಲ. ಯಾವ ಆರ್ಡರ್ ಯಾರಿಗೆ, ಎಷ್ಟು ದುಡ್ಡಿಗೆ, ತಡವಾದರೆ ಏನು ಎಂಬುದನ್ನೆಲ್ಲ ಒಂದು ಲೆಕ್ಕಾಚಾರ ತೀರ್ಮಾನಿಸುತ್ತದೆ. ಕ್ಯಾಥರೀನ್ ಕೆಲ್ಲಾಗ್, ಮೆಲಿಸ್ಸಾ ವ್ಯಾಲೆಂಟೈನ್ ಮತ್ತು ಆಂಜೆಲ್ ಕ್ರಿಸ್ಟಿನ್ 2020ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ನೋಡಿದಾಗ, ಈ ಲೆಕ್ಕಾಚಾರ ಆರು ಬಗೆಯಲ್ಲಿ ಮೇಸ್ತ್ರಿಯ ಕೆಲಸ ಮಾಡುತ್ತದೆ ಎಂದು ಕಂಡಿತು: ಏನು ಮಾಡಬಾರದೆಂದು ಕಟ್ಟುಹಾಕುತ್ತದೆ, ಏನು ಮಾಡಬೇಕೆಂದು ಸೂಚಿಸುತ್ತದೆ, ದಾಖಲಿಸುತ್ತದೆ, ಅಂಕ ಕೊಡುತ್ತದೆ, ಬದಲಿ ಜನ ತರುತ್ತದೆ, ಬಹುಮಾನ ಕೊಡುತ್ತದೆ. ಇದರಲ್ಲಿ ಯಾವುದೂ ಹಳೆಯ ಮೇಸ್ತ್ರಿಗೆ ಗೊತ್ತಿರದ ವಿದ್ಯೆಯಲ್ಲ. ಹೊಸದು ಏನೆಂದರೆ ಮೇಸ್ತ್ರಿಯನ್ನು "ಯಾಕೆ ಸ್ವಾಮಿ?" ಎಂದು ಕೇಳಬಹುದಿತ್ತು. ಉತ್ತರ ಸಿಗದಿದ್ದರೂ ಅವನ ಮುಖ ನೋಡಿ ಅಂದಾಜು ಮಾಡಬಹುದಿತ್ತು.

ಆ ಅಂದಾಜೂ ಸಿಗದಾಗ ಏನಾಗುತ್ತದೆ ಎಂದು ಹಾತಿಮ್ ರಹಮಾನ್ ನೋಡಿದರು. ಅವರು ಅಧ್ಯಯನ ಮಾಡಿದ್ದು ಬಿಡಿಕೆಲಸ ಒದಗಿಸುವ ಒಂದು ಆನ್‌ಲೈನ್ ವೇದಿಕೆಯನ್ನು. ಮೊದಲು ಅಲ್ಲಿ ಐದಕ್ಕೆ ಎಷ್ಟು ಎಂಬ ಸರಳ ಅಂಕವಿತ್ತು. ಹೆಚ್ಚುಕಡಿಮೆ ಎಲ್ಲರಿಗೂ ಐದರ ಹತ್ತಿರವೇ ಬರತೊಡಗಿದಾಗ, ವೇದಿಕೆ ತನ್ನ ಲೆಕ್ಕವನ್ನು ಬದಲಿಸಿ ಹೇಗೆ ಲೆಕ್ಕ ಹಾಕುತ್ತೇವೆಂದು ಹೇಳುವುದನ್ನು ನಿಲ್ಲಿಸಿತು. ಒಳ್ಳೆಯ ಕೆಲಸಗಾರರ ಅಂಕವೂ ಏಕಾಏಕಿ ಏರಿಳಿಯಿತು. ಕೆಲವರು ಏನೇನೋ ಪ್ರಯೋಗ ಮಾಡಿ ನೋಡಿದರು, ಇನ್ನು ಕೆಲವರು ಅಂಕ ಕೆಡುತ್ತದೆಂದು ಹೆದರಿ ಹೊಸ ಕೆಲಸ ತೆಗೆದುಕೊಳ್ಳುವುದನ್ನೇ ಕಡಿಮೆ ಮಾಡಿದರು. ರಹಮಾನ್ ಇದನ್ನು ಕಾಣದ ಪಂಜರ ಎಂದು ಕರೆದರು. ಕಂಬಿಗಳು ಎಲ್ಲಿವೆ ಎಂದೇ ಗೊತ್ತಿಲ್ಲದಿದ್ದರೆ ಹಕ್ಕಿ ರೆಕ್ಕೆ ಬಿಚ್ಚುವುದಾದರೂ ಎಷ್ಟು?

ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ, ಅಂದರೆ ಆ್ಯಪ್ ಮೂಲಕ ಬಿಡಿಕೆಲಸ ಮಾಡುವವರಿಗಾಗಿ, ಮಾಡಿದ ಕಾನೂನಿನಲ್ಲಿ ನನಗೆ ಮುಖ್ಯವೆನಿಸುವ ಭಾಗ ಇದೇ. ಪ್ರತಿ ವ್ಯವಹಾರದ ಮೇಲೆ ಕಲ್ಯಾಣ ಶುಲ್ಕ ಹಾಕಿ ನಿಧಿ ಕಟ್ಟುವುದು ಸುದ್ದಿಯಾಯಿತು. ಅದು ಬೇಕಾದದ್ದೇ. ಆದರೆ ರೇಟಿಂಗ್, ಕೆಲಸ ಹಂಚಿಕೆ ಮುಂತಾದವನ್ನು ತೀರ್ಮಾನಿಸುವ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ಕೆಲಸಗಾರನಿಗೆ ತಿಳಿಸಬೇಕು, ಕಾರಣ ಕೊಡದೆ ಐಡಿ ಕಿತ್ತುಹಾಕುವಂತಿಲ್ಲ, 14 ದಿನದ ನೋಟಿಸ್ ಕೊಡಬೇಕು ಎಂಬ ಅಂಶಗಳು ಕಂಬಿಗಳಿಗೆ ಬಣ್ಣ ಬಳಿದು ಕಾಣುವಂತೆ ಮಾಡುವ ಪ್ರಯತ್ನ. "ಯಾಕೆ ಸ್ವಾಮಿ?" ಎಂದು ಕೇಳುವ ಹಕ್ಕನ್ನು ಕಾನೂನು ಹಿಂದಕ್ಕೆ ಕೊಟ್ಟ ಹಾಗೆ.

ಕೆಲಸದ ಬದಲಾವಣೆಯಲ್ಲಿ ಇನ್ನೊಂದು ಸಂಗತಿ ಇದೆ, ನನಗೆ ಇದು ಎಲ್ಲಕ್ಕಿಂತ ಹೆಚ್ಚು ಕಳವಳದ್ದು. ಮುಂದಿನವರು ಕಲಿಯುವುದು ಹೇಗೆ?

ಸ್ಟ್ಯಾನ್‌ಫರ್ಡಿನ ಭಾಗವಾಗಿದ್ದು 1970ರಲ್ಲಿ ಬೇರೆಯಾದ ಎಸ್‌ಆರ್‌ಐ ಎಂಬ ಸಂಶೋಧನಾ ಸಂಸ್ಥೆಯಲ್ಲಿ ದೂರದಿಂದ ಶಸ್ತ್ರಚಿಕಿತ್ಸೆ ಮಾಡುವ ಯಂತ್ರದ ಕೆಲಸ ನಡೆಯಿತು. 1995ರಲ್ಲಿ ಶುರುವಾದ ಇಂಟ್ಯುಟಿವ್ ಸರ್ಜಿಕಲ್ ಕಂಪನಿ ಆ ತಂತ್ರಜ್ಞಾನದ ಪರವಾನಗಿ ಪಡೆದು ಡಾವಿಂಚಿ ಎಂಬ ರೋಬಾಟ್ ತಂದಿತು. ಈಗ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲೂ ಅದು ಇದೆ. ರೋಗಿಗೆ ಸಣ್ಣ ಗಾಯ, ಬೇಗ ಚೇತರಿಕೆ. ಆದರೆ ಮ್ಯಾಟ್ ಬೀನ್ ಎಂಬ ಸಂಶೋಧಕ ಅಮೆರಿಕದ 18 ಬೋಧನಾ ಆಸ್ಪತ್ರೆಗಳಲ್ಲಿ ಕಂಡದ್ದು ಬೇರೆ. ಹಳೆಯ ಶಸ್ತ್ರಚಿಕಿತ್ಸೆಯಲ್ಲಿ ಹಿರಿಯ ಸರ್ಜನ್‌ಗೆ ಎರಡು ಕೈ ಸಾಲದು. ಹೊಟ್ಟೆ ತೆರೆದು ಹಿಡಿಯಬೇಕು, ರಕ್ತ ಹೀರಬೇಕು, ಹೊಲಿಗೆ ಹಾಕಬೇಕು. ಹಾಗಾಗಿ ಕಲಿಯುವವನು ಎದುರಿಗೆ ನಿಲ್ಲಲೇಬೇಕು, ಅವನ ಕೈ ಬೇಕೇ ಬೇಕು. ನಮ್ಮಲ್ಲಿ ಬಡಗಿಯೋ ಅಕ್ಕಸಾಲಿಯೋ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಳಗಿಸಿದ್ದೂ ಹೀಗೆಯೇ. ರೋಬಾಟ್ ಬಂದ ಮೇಲೆ ಹಿರಿಯರು ಒಬ್ಬರೇ ಕೂತು ಎಲ್ಲ ಕೈಗಳನ್ನೂ ನಡೆಸಬಲ್ಲರು. ಕಲಿಯುವವನಿಗೆ ಕೆಲ ನಿಮಿಷ ಬಿಟ್ಟುಕೊಟ್ಟರೂ ತಪ್ಪು ದೊಡ್ಡ ಪರದೆಯಲ್ಲಿ ಎಲ್ಲರಿಗೂ ಕಾಣುತ್ತದೆ, ಮರುಕ್ಷಣ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಹುಡುಗ ಗಂಟೆಗಟ್ಟಲೆ ನೋಡುತ್ತಾ ಕೂರುತ್ತಾನೆ. ಕಲಿತ ಕೆಲವೇ ಕೆಲವರು ಒಪ್ಪಿತ ದಾರಿ ಬಿಟ್ಟು ಕಲಿತಿದ್ದರು: ವಿಡಿಯೋ ನೋಡಿ, ಸಿಮ್ಯುಲೇಟರ್ ಮೇಲೆ ಕೂತು, ಹಿರಿಯರ ಕಣ್ಣು ಅಷ್ಟಾಗಿ ಇಲ್ಲದ ಕಡೆ ಕಷ್ಟಪಟ್ಟು. ಬೀನ್ 2019ರಲ್ಲಿ ಇದಕ್ಕೆ ನೆರಳಿನ ಕಲಿಕೆ ಎಂದು ಹೆಸರಿಟ್ಟರು.

ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ಇದರ ಇನ್ನೊಂದು ಮಗ್ಗುಲು ಕಾಣುತ್ತದೆ. ಎರಿಕ್ ಬ್ರಿನ್ಯೋಲ್ಫ್‌ಸನ್, ಡ್ಯಾನಿಯೆಲ್ ಲೀ ಮತ್ತು ಲಿಂಡ್ಸೆ ರೇಮಂಡ್ ಐದು ಸಾವಿರಕ್ಕೂ ಹೆಚ್ಚು ಗ್ರಾಹಕ ಸೇವಾ ಸಿಬ್ಬಂದಿಯ ಮಾಹಿತಿ ನೋಡಿದರು. ಏನು ಉತ್ತರ ಕೊಡಬಹುದೆಂದು ಪಕ್ಕದಲ್ಲೇ ಸೂಚಿಸುವ ಸಾಧನ ಸಿಕ್ಕಾಗ ಗಂಟೆಗೆ ಬಗೆಹರಿಸುವ ದೂರುಗಳು ಸರಾಸರಿ ಶೇ 14ರಷ್ಟು ಹೆಚ್ಚಿದವು. ಹೊಸಬರಲ್ಲಿ ಈ ಏರಿಕೆ ಶೇ 34ರ ಹತ್ತಿರ. ಪಳಗಿದವರಲ್ಲಿ ಹೆಚ್ಚು ಬದಲಾವಣೆಯೇ ಇಲ್ಲ. ಕಾರಣ ಸರಳ. ಆ ಸಾಧನ ಕಲಿತದ್ದು ಪಳಗಿದವರ ಮಾತುಕತೆಯಿಂದಲೇ. ಅವರು ವರ್ಷಗಟ್ಟಲೆ ಗ್ರಾಹಕರ ಬೈಗುಳ ತಿಂದು ಕಲಿತದ್ದನ್ನು ಯಂತ್ರ ಹೀರಿ ಹೊಸಬನಿಗೆ ಹಂಚಿತು. ಹೊಸಬನಿಗೆ ಇದು ವರ. ಹಾಗಾದರೆ ಕಲಿಸಿದವನ ಪಾಲು ಎಲ್ಲಿ? ಸಾವಿರಾರು ಕನ್ನಡದ ಮಕ್ಕಳು ಇಂಥ ಕೆಲಸದಲ್ಲಿರುವ ಬೆಂಗಳೂರಿನಲ್ಲಿ ಈ ಪ್ರಶ್ನೆ ದೂರದ್ದಲ್ಲ.

ಪಾಲಿನ ಮಾತು ಬಂದಾಗ ವಿಶ್ವವಿದ್ಯಾಲಯದ ಉದ್ಯಮದ ಕಡೆ ತಿರುಗಬೇಕು. ಸಾರ್ವಜನಿಕ ಹಣದಲ್ಲಿ ಪ್ರಯೋಗಾಲಯದಲ್ಲಿ ಹುಟ್ಟಿದ ಶೋಧ ಯಾರದ್ದು, ಅದನ್ನು ಹೊರಗೆ ಬಿಡುವುದು ಹೇಗೆ ಎಂಬುದೇ ಅಲ್ಲಿನ ತಿರುಳು.

1973ರಲ್ಲಿ ಸ್ಟ್ಯಾನ್‌ಫರ್ಡಿನ ಸ್ಟ್ಯಾನ್ಲಿ ಕೊಹೆನ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹರ್ಬರ್ಟ್ ಬೋಯರ್ ಒಂದು ಜೀವಿಯ ಡಿಎನ್‌ಎ ತುಣುಕನ್ನು ಇನ್ನೊಂದಕ್ಕೆ ಸೇರಿಸಿ ಬೆಳೆಸುವ ವಿಧಾನವನ್ನು ಪ್ರಕಟಿಸಿದರು. ಸ್ಟ್ಯಾನ್‌ಫರ್ಡಿನಲ್ಲಿ ಶೋಧಗಳನ್ನು ಕಂಪನಿಗಳಿಗೆ ಬಳಸಲು ಕೊಡುವ ಪರವಾನಗಿ ಕಚೇರಿ ನಡೆಸುತ್ತಿದ್ದ ನೀಲ್ಸ್ ರೀಮರ್ಸ್ ಪತ್ರಿಕೆಯಲ್ಲಿ ಸುದ್ದಿ ಓದಿ ಪೇಟೆಂಟ್ ಮಾಡೋಣವೇ ಎಂದು ಕೇಳಿದರು. ಕೊಹೆನ್ ಹಿಂಜರಿದರು, ಇದು ಎಷ್ಟೋ ಜನರ ಕೆಲಸದ ಮೇಲೆ ನಿಂತ ವಿಜ್ಞಾನವಲ್ಲವೇ ಎಂಬುದು ಅವರ ಸಂಕೋಚ. ಪ್ರಕಟವಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕಿತ್ತು. ಗಡುವಿಗೆ ಒಂದು ವಾರ ಉಳಿದಿರುವಾಗ, 1974ರ ನವೆಂಬರಿನಲ್ಲಿ ಹಾಕಿದರು. ಪೇಟೆಂಟ್ ಸಿಕ್ಕಿದ್ದು 1980ರ ಡಿಸೆಂಬರ್ 2ರಂದು. ಹತ್ತು ದಿನದ ಮೇಲೆ ಅಮೆರಿಕದಲ್ಲಿ ಬೇ–ಡೋಲ್ ಕಾನೂನು ಬಂತು, ಸರ್ಕಾರಿ ಹಣದಲ್ಲಿ ಆದ ಶೋಧದ ಒಡೆತನವನ್ನು ವಿಶ್ವವಿದ್ಯಾಲಯಗಳು ಇಟ್ಟುಕೊಳ್ಳಬಹುದೆಂದು.

ರೀಮರ್ಸ್ ಮಾಡಿದ ಜಾಣತನ ಮುಂದಿನದು. ಆ ಪೇಟೆಂಟನ್ನು ಒಂದೇ ಕಂಪನಿಗೆ ಕಟ್ಟಿಕೊಡದೆ, ಕೇಳಿದ ಎಲ್ಲರಿಗೂ ಕೊಟ್ಟರು. ಶುರುವಿಗೆ 10 ಸಾವಿರ ಡಾಲರ್, ಆಮೇಲೆ ಮಾರಾಟದ ಮೇಲೆ ಸಣ್ಣ ಪಾಲು. ಪೇಟೆಂಟನ್ನು ಕೋರ್ಟಿನಲ್ಲಿ ಪ್ರಶ್ನಿಸಲು ವಕೀಲರಿಗೆ ಕೊಡುವುದಕ್ಕಿಂತ ಪರವಾನಗಿ ತೆಗೆದುಕೊಳ್ಳುವುದೇ ಅಗ್ಗ. 468 ಕಂಪನಿಗಳು ತೆಗೆದುಕೊಂಡವು, 1997ರಲ್ಲಿ ಅವಧಿ ಮುಗಿಯುವ ಹೊತ್ತಿಗೆ ಎರಡೂ ವಿಶ್ವವಿದ್ಯಾಲಯಗಳಿಗೆ ಸುಮಾರು 25.5 ಕೋಟಿ ಡಾಲರ್ ಬಂದಿತ್ತು. ಒಂದು ಇಡೀ ಉದ್ಯಮವೇ ಆ ವಿಧಾನದ ಮೇಲೆ ಬೆಳೆಯಿತು. ಅದೇ ಕಚೇರಿ 1990ರ ದಶಕದ ಕೊನೆಯಲ್ಲಿ ಪೇಜ್‌ರ‍್ಯಾಂಕ್ ಎಂಬ ಹುಡುಕಾಟದ ವಿಧಾನವನ್ನು ಇಬ್ಬರು ವಿದ್ಯಾರ್ಥಿಗಳ ಗೂಗಲ್ ಕಂಪನಿಗೆ ಮಾತ್ರ ಕೊಟ್ಟಿತು, ಬದಲಿಗೆ ಪಡೆದ ಷೇರುಗಳನ್ನು 2005ರ ಹೊತ್ತಿಗೆ ಮಾರಿ 33.6 ಕೋಟಿ ಡಾಲರ್ ಗಳಿಸಿತು. ದುಡ್ಡಿನ ಲೆಕ್ಕದಲ್ಲಿ ಎರಡೂ ಗೆಲುವು. ಶೋಧ ಹೊರಗೆ ಹೋದ ಬಗೆ ಬೇರೆ, ಹಾಗಾಗಿ ಹೊರಗೆ ಹುಟ್ಟಿದ ಜಗತ್ತೂ ಬೇರೆ: ಒಂದು ಕಡೆ ನೂರಾರು ಕಂಪನಿ, ಇನ್ನೊಂದು ಕಡೆ ಒಂದೇ ಒಂದು.

ಇಂಥ ಬಂಪರ್ ಎಲ್ಲರಿಗೂ ಹೊಡೆಯುವುದಿಲ್ಲ. ಅಮೆರಿಕದಲ್ಲೂ ಹೆಚ್ಚಿನ ವಿಶ್ವವಿದ್ಯಾಲಯಗಳ ಪರವಾನಗಿ ಕಚೇರಿಗಳು ತಮ್ಮ ಖರ್ಚನ್ನೂ ದುಡಿಯುವುದಿಲ್ಲ. ಭಾರತ ಬೇ–ಡೋಲ್ ಮಾದರಿಯ ಮಸೂದೆಯನ್ನು 2008ರಲ್ಲಿ ರಾಜ್ಯಸಭೆಗೆ ತಂದರೂ ಅದು ಕಾನೂನಾಗಲಿಲ್ಲ. ಕಾನೂನು ಇಲ್ಲದೆಯೂ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಕಂಪ್ಯೂಟರ್ ಪ್ರಾಧ್ಯಾಪಕರು 2000ರಲ್ಲಿ ಸ್ಟ್ರ್ಯಾಂಡ್ ಕಂಪನಿ ಕಟ್ಟಿ ಜೀನುಗಳ ಮಾಹಿತಿ ಓದುವ ಕೆಲಸಕ್ಕಿಳಿದರು. ಹುಬ್ಬಳ್ಳಿ ಕಡೆಯ ಗುರುರಾಜ ದೇಶಪಾಂಡೆ ಮತ್ತು ಜಯಶ್ರೀ ದಂಪತಿ 2002ರಲ್ಲಿ ದೊಡ್ಡ ದೇಣಿಗೆ ಕೊಟ್ಟು ಎಂಐಟಿಯಲ್ಲಿ ಕೇಂದ್ರವೊಂದನ್ನು ಕಟ್ಟಿದರು. ಪ್ರಯೋಗಾಲಯದಲ್ಲಿ ಹೊಳೆದದ್ದಕ್ಕೂ ಹೂಡಿಕೆದಾರ ಒಪ್ಪುವ ಹಂತಕ್ಕೂ ನಡುವೆ ಇರುವ ಬರಗಾಲದಲ್ಲಿ ಪ್ರಾಧ್ಯಾಪಕರಿಗೆ ಸಣ್ಣ ಮೊತ್ತ ಕೊಟ್ಟು ದಾಟಿಸುವುದು ಆ ಕೇಂದ್ರದ ಕೆಲಸ. ಆಮೇಲೆ ಹುಬ್ಬಳ್ಳಿಯಲ್ಲೂ ಹೊಸ ಕಂಪನಿಗಳಿಗೆ ನೆಲೆ ಮಾಡಿಕೊಟ್ಟರು.

ಕಂಪನಿ ಕಟ್ಟುವುದೆಂದರೆ ಶೋಧ, ಹಣ, ಮಾರುಕಟ್ಟೆ ಎಂದಷ್ಟೇ ನಾವು ಕಲಿಸುತ್ತೇವೆ. ಸ್ಟ್ಯಾನ್‌ಫರ್ಡಿನ ಜೇಮ್ಸ್ ಬ್ಯಾರನ್, ಮೈಕೆಲ್ ಹ್ಯಾನನ್ ಮತ್ತು ಡಯೇನ್ ಬರ್ಟನ್ 1990ರ ದಶಕದ ಮಧ್ಯದಿಂದ ಸಿಲಿಕಾನ್ ವ್ಯಾಲಿಯ ಸುಮಾರು 200 ಎಳೆಯ ಕಂಪನಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಅವರು ಸ್ಥಾಪಕರನ್ನು ಕೇಳಿದ್ದು ಜನರ ಬಗ್ಗೆ. ಕೆಲಸಗಾರ ನಿಮ್ಮಲ್ಲಿ ಯಾಕೆ ಉಳಿಯಬೇಕು, ದುಡ್ಡಿಗೋ, ಕೆಲಸದ ಸವಾಲಿಗೋ, ಮನೆಯಂಥ ಬಾಂಧವ್ಯಕ್ಕೋ? ಯಾರನ್ನು ಆರಿಸುತ್ತೀರಿ? ಹೇಗೆ ನಿಭಾಯಿಸುತ್ತೀರಿ? ಉತ್ತರಗಳು ಐದು ಬಗೆಯಲ್ಲಿ ಬಂದವು. ಬಾಂಧವ್ಯದ ಮೇಲೆ ನಿಂತ ಕಂಪನಿಗಳು ಮುಳುಗುವ ಸಂಭವ ಕಡಿಮೆಯಿತ್ತು. ಅಸಾಧಾರಣ ಪ್ರತಿಭೆಯವರನ್ನೇ ಕಲೆಹಾಕಿದ ಕಂಪನಿಗಳಲ್ಲಿ ಎಷ್ಟೋ ಮುಳುಗಿದವು, ಉಳಿದವು ಮಾತ್ರ ಎತ್ತರಕ್ಕೆ ಹೋದವು. ಇದಕ್ಕಿಂತ ದೊಡ್ಡ ಫಲಿತಾಂಶ ಇನ್ನೊಂದು. ಸ್ಥಾಪಕ ಮೊದಲ ದಿನ ತಲೆಯಲ್ಲಿಟ್ಟುಕೊಂಡ ನಕ್ಷೆ, ಸ್ಥಾಪಕನೇ ಬಿಟ್ಟುಹೋದ ಮೇಲೂ ಕಂಪನಿಯಲ್ಲಿ ಉಳಿಯುತ್ತದೆ. ಮಧ್ಯದಲ್ಲಿ ಅದನ್ನು ಬದಲಿಸಿದ ಕಂಪನಿಗಳಿಂದ ಜನ ಹೊರಟುಹೋದರು, ಹೊರಟವರಲ್ಲಿ ಮುಂಚೂಣಿಯಲ್ಲಿದ್ದವರು ಮೊದಲಿನಿಂದ ಇದ್ದ ಹಳಬರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಅಜ್ಜಿ ಹೇಳಿದ್ದು ಅಂಕಿಅಂಶದ ಸಮೇತ ಸಿಕ್ಕ ಹಾಗಾಯಿತು.

ಹೋದ ವರ್ಷ ಒಂದು ಇಂಜಿನಿಯರಿಂಗ್ ಕಾಲೇಜಿನ ಸ್ಟಾರ್ಟಪ್ ಸ್ಪರ್ಧೆಗೆ ನನ್ನನ್ನು ಕರೆದಿದ್ದರು. ಅಡಿಕೆ ವಿಂಗಡಿಸುವ ಯಂತ್ರದ ಮಾದರಿ ತಂದಿದ್ದ ತಂಡವೊಂದು ತುಂಬ ಚೆನ್ನಾಗಿ ವಿವರಿಸಿತು. ಕ್ಯಾಮೆರಾ ಹೇಗೆ ನೋಡುತ್ತದೆ, ಬಣ್ಣ ಹೇಗೆ ಗುರುತಿಸುತ್ತದೆ, ಗಂಟೆಗೆ ಎಷ್ಟು, ಮೂರು ವರ್ಷದಲ್ಲಿ ಲಾಭ ಎಷ್ಟು. ಈಗ ಮೊರದಲ್ಲಿ ಹರಡಿಕೊಂಡು ಕೈಯಲ್ಲಿ ವಿಂಗಡಿಸುವ ಹೆಂಗಸರನ್ನು ಮಾತಾಡಿಸಿದ್ದೀರಾ ಎಂದು ಕೇಳಿದೆ. ತಂಡದ ಮುಂದಾಳು ಹುಡುಗಿ ಹೌದೆಂದಳು, ಅವಳ ಅಮ್ಮನೇ ಆ ಕೆಲಸ ಮಾಡುವವರು, ಒಂದು ಅಡಿಕೆ ಹಸಿಯೋ ಒಣಗಿದೆಯೋ ಎಂದು ಉಗುರಿನಿಂದ ತಟ್ಟಿ ಸದ್ದಿನಲ್ಲೇ ಹೇಳುತ್ತಾರೆ, ಕ್ಯಾಮೆರಾಗೆ ಅದು ಗೊತ್ತಾಗುವುದಿಲ್ಲ ಎಂದಳು. ಆ ಮಾತು ಅವರ ಯಾವ ಸ್ಲೈಡಿನಲ್ಲೂ ಇರಲಿಲ್ಲ. ಕಂಪನಿ ಶುರುವಾದರೆ ಮೊದಲು ಯಾರನ್ನು ಕೆಲಸಕ್ಕೆ ತಗೋತೀರಿ ಎಂದು ಕೇಳಿದೆ. ಜೊತೆಗಿದ್ದ ಹುಡುಗರ ಮುಖ ನೋಡಿದಳು. ಆಮೇಲೆ ಹೇಳಿದಳು: "ನಮ್ ಚಿಕ್ಕಪ್ಪನ ಮಗ ಬರ್ತೀನಿ ಅಂದಿದಾನೆ ಸರ್. ಸಂಬಳದ್ದು ಇನ್ನೂ ಮಾತಾಡಿಲ್ಲ. ಅಮ್ಮನ್ನ ಕೇಳೋಣ ಅಂತ ಈಗ ಅನ್ನಿಸ್ತಿದೆ."